ಅಹವಾಲಿಗೊಂದು ಉತ್ತರ

ಕೈತುಂಬ ಸಂಬಳ ಪಡೆಯುವ ವಿಮಾನ ಚಾಲಕರು ಮುಷ್ಕರ ಹೂಡಿದರೆ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಬಸ್ಸಿಗಾಗಿ ಕಾದು ನಿಂತವನಿಗೆ ಅದರ ಗೊಡವೆ ಏಕೆಂದು ನೀವು ಕೇಳಬಹುದು. ಸಂಬಳದ ಅಂಕಿಗಳನ್ನು ಬದಿಗಿಟ್ಟು ನೋಡಿದರೆ ಆ ಕಲಹದ ಬೇರು ನಮ್ಮ ನೆಲದಲ್ಲೂ ಇದೆ.

2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನಗೊಂಡವು. ಎರಡೂ ಕಡೆಯ ಪೈಲಟ್‌ಗಳ ವೇತನ, ಬಡ್ತಿ, ಸೇವಾಜ್ಯೇಷ್ಠತೆಗಳು ಬೇರೆ ಬೇರೆಯಾಗಿದ್ದವು. ಅವನ್ನು ಸರಿಹೊಂದಿಸಲು ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ನೇಮಕವಾದದ್ದು 2011ರಲ್ಲಿ. 2012ರ ಮೇ ತಿಂಗಳಲ್ಲಿ, ಹೊಸ ಬೋಯಿಂಗ್ 787 ವಿಮಾನದ ತರಬೇತಿ ಯಾರಿಗೆ ಸಲ್ಲಬೇಕೆಂಬ ವಿವಾದದಲ್ಲಿ ಹಳೆಯ ಏರ್ ಇಂಡಿಯಾದ ಪೈಲಟ್‌ಗಳು ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು. ಅವರ ಸಂಘದ ಮಾನ್ಯತೆ ರದ್ದಾಯಿತು, ಹಲವರು ವಜಾಗೊಂಡರು. 58 ದಿನಗಳ ಮುಷ್ಕರ ದೆಹಲಿ ಹೈಕೋರ್ಟಿನ ಮಧ್ಯಪ್ರವೇಶದಿಂದ ಕೊನೆಗೊಂಡಿತು. ಐದು ವರ್ಷ ಮಾತುಕತೆಯ ಮೇಜಿನ ಮೇಲಿದ್ದ ಪ್ರಶ್ನೆ ಕಡೆಗೆ ನಿಲ್ದಾಣದಲ್ಲಿ ಕಾದ ಪ್ರಯಾಣಿಕನ ಹೆಗಲೇರಿತು.

ಬಸ್ಸಿನ ಚಾಲಕ, ನಿರ್ವಾಹಕರ ಕಥೆಯೂ ಬೇರೆಯಲ್ಲ. 2020ರ ಡಿಸೆಂಬರಿನಲ್ಲಿ ರಾಜ್ಯದ ಸಾರಿಗೆ ನೌಕರರು ನಾಲ್ಕು ದಿನ ಮುಷ್ಕರ ನಡೆಸಿ, ಸರಕಾರದ ಭರವಸೆಯ ಮೇಲೆ ಕೆಲಸಕ್ಕೆ ಮರಳಿದರು. ಆರನೆಯ ವೇತನ ಆಯೋಗದ ಶಿಫಾರಸಿನಂತೆ ಸಂಬಳ ಬೇಕೆಂಬ ಬೇಡಿಕೆ ಈಡೇರದಿರಲು 2021ರ ಏಪ್ರಿಲ್ 7ರಿಂದ ಮತ್ತೆ ಹದಿನೈದು ದಿನ ಬಸ್ಸುಗಳು ನಿಂತವು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಸಾರಿಗೆಯ ನೌಕರರೂ ಅದರಲ್ಲಿದ್ದರು. ಅಮಾನತು, ವರ್ಗಾವಣೆ, ವಜಾಗಳು ಬೆನ್ನು ಹತ್ತಿದವು. ಅತ್ತ ಕೊರೊನಾದ ಎರಡನೆಯ ಅಲೆ ಏರುತ್ತಿತ್ತು.

ಇಲ್ಲಿ ತಪ್ಪು ಯಾರದು? ಸೇವೆ ನಿಲ್ಲಿಸಿದವನು ಹೊಣೆಯಿಂದ ನುಣುಚಿಕೊಳ್ಳಲಾರ. ಆಸ್ಪತ್ರೆಗೆ ಹೊರಟ ಬಡವ ಅವನ ಸಂಬಳವನ್ನು ನಿಗದಿಪಡಿಸಿದವನಲ್ಲ. ಸಂಬಂಧವಿಲ್ಲದವನ ನೋವನ್ನು ಆಯುಧವಾಗಿ ಹಿಡಿಯುವಾಗ ಕೈ ನಡುಗಲೇಬೇಕು. ಆದರೆ ದೂರು ಹೇಳುವ ಬಾಗಿಲನ್ನು ವರ್ಷಗಟ್ಟಲೆ ಅರೆಮುಚ್ಚಿ, ಕೂಗು ಎದ್ದ ದಿನ ಮಾತ್ರ ಶಿಸ್ತಿನ ಮಾತಾಡುವವನ ಪಾಲು ಅದಕ್ಕಿಂತ ಕಿರಿದಲ್ಲ. ಬೊಕ್ಕಸ ಬರಿದಾಗಿದ್ದರೆ ಕೇಳಿದ್ದನ್ನೆಲ್ಲ ಕೊಡಲಾಗದು, ನಿಜ. ಆದರೆ ಆಲಿಸುವುದೆಂದರೆ ಒಪ್ಪುವುದಲ್ಲ. ಕಾರಣಸಹಿತವಾಗಿ "ಇಲ್ಲ" ಎನ್ನುವುದೂ ಮನುಷ್ಯನಿಗೆ ಸಲ್ಲಿಸುವ ಗೌರವವೇ. ಇಂದು ನಾಳೆ ಎಂದು ಅಲೆಸುವುದು ಅವನನ್ನು ಲೆಕ್ಕಕ್ಕಿಲ್ಲದವನನ್ನಾಗಿ ಮಾಡುತ್ತದೆ.

ಯಮನೂರಿನವರು ಇದನ್ನು ಬಲ್ಲರು. ಕಳಸಾ-ಬಂಡೂರಿ ನೀರಿಗಾಗಿ ವರ್ಷಗಟ್ಟಲೆ ಕಾದ ಈ ಭಾಗದ ರೈತರು, 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಬೀದಿಗಿಳಿದರು. ಬಳಿಕ ಇದೇ ಊರಿನ ಮನೆಗಳಿಗೆ ಪೊಲೀಸರು ನುಗ್ಗಿ, ಹೆಂಗಸರು ಮುದುಕರೆನ್ನದೆ ಲಾಠಿ ಬೀಸಿದ್ದನ್ನು ನಾಡೇ ಕಂಡಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಇಬ್ಬದಿಯ ಸಮಾನ ಪ್ರತಿನಿಧಿಗಳ ಕುಂದುಕೊರತೆ ಸಮಿತಿಯಿರಬೇಕು. ಅದು ಮೂವತ್ತು ದಿನಗಳಲ್ಲಿ ವಿಚಾರಣೆ ಮುಗಿಸಬೇಕೆಂಬುದು ಆಶಯ. ಸಮಿತಿಯನ್ನು ಕಾನೂನು ರಚಿಸಬಲ್ಲದು, ಕೇಳುವ ಮನಸ್ಸನ್ನಲ್ಲ.

ಓದುಗರೇ, ನಮ್ಮ ಹೊಲದ ಆಳು, ಶಾಲೆಯ ಅಡುಗೆಯಾಕೆ, ಸೊಸೈಟಿಯ ಗುಮಾಸ್ತ ಇವರೂ ನಮಗೆ ಏನನ್ನೋ ಹೇಳಿ ಕಾಯುತ್ತಿರಬಹುದು. ಅವರಿಗೆ ಯಾವ ದಿನ ಉತ್ತರ ಕೊಡುವೆವೆಂದು ಇಂದೇ ಹೇಳೋಣ. ಆ ದಿನ ತಪ್ಪದೆ ಕೊಡೋಣ.