ಯೋಗಭ್ರಷ್ಟನ ಗತಿಯೇನು?



ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಶ್ರೀಕೃಷ್ಣನ ಮುಂದೆ ಎರಡು ಸಂದೇಹಗಳನ್ನಿಡುತ್ತಾನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವಲ್ಲವೇ ಎಂಬುದು ಮೊದಲನೆಯದು. ಅಭ್ಯಾಸ ಮತ್ತು ವೈರಾಗ್ಯಗಳೆಂಬ ಅದರ ಉತ್ತರ ನಮಗೆಲ್ಲ ಬಾಯಿಪಾಠ. ಎರಡನೆಯದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಶ್ರದ್ಧೆಯಿಂದ ಹೊರಟವನು ನಡುದಾರಿಯಲ್ಲಿ ಜಾರಿಬಿದ್ದರೆ ಅವನ ಗತಿಯೇನು? ಚೂರಾದ ಮೋಡದಂತೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಾಶವಾಗುತ್ತಾನೆಯೇ? ಜಹ್ರಾದಲ್ಲಿ ನಮಗೆ ದೇವಸ್ಥಾನವಿಲ್ಲ. ಶುಕ್ರವಾರ ಯಾರಾದರೊಬ್ಬರ ಫ್ಲ್ಯಾಟಿನಲ್ಲಿ ಸೇರಿ ಭಜನೆ ಮಾಡುತ್ತೇವೆ. ಅಲ್ಲಿ ಈ ಅಧ್ಯಾಯವನ್ನು ಎಷ್ಟೋ ಬಾರಿ ಪಾರಾಯಣ ಮಾಡಿದ್ದೇವೆ. ಆದರೆ ಅರ್ಜುನನ ಆ ಪ್ರಶ್ನೆ ನಮ್ಮ ಬಾಗಿಲಿಗೇ ಬಂದಾಗ ನಾವು ಕೊಟ್ಟ ಉತ್ತರ ತಪ್ಪಾಯಿತು. ಅದನ್ನು ಮುಚ್ಚಿಡದೆ ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಮ್ಮ ಭಜನೆಯಲ್ಲಿ ತಾಳ ಹಾಕುತ್ತಿದ್ದ ಕರಾವಳಿಯ ತರುಣರೊಬ್ಬರಿದ್ದರು. ಕೆಲಸದ ಜಾಗದಲ್ಲಿ ಬೆನ್ನಿಗೆ ಪೆಟ್ಟಾಗಿ ನೋವಿನ ಮಾತ್ರೆ ಹಿಡಿದರು. ಅದು ಅಫೀಮಿನ ವರ್ಗಕ್ಕೆ ಸೇರಿದ ಮಾತ್ರೆ. ನೋವು ಹೋದರೂ ಮಾತ್ರೆ ಹೋಗಲಿಲ್ಲ. ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲಿ ಚಿಕಿತ್ಸೆ ಆರಂಭವಾಗಿ, ನಾಲ್ಕು ತಿಂಗಳಲ್ಲಿ ಮೈ ಕೈ ತುಂಬಿಕೊಂಡು, ಅಣ್ಣನ ಅಂಗಡಿಯಲ್ಲಿ ಕೂರುವಷ್ಟಾದರು. ಶುಕ್ರವಾರಗಳಂದು ಫೋನಿನಲ್ಲೇ ನಮ್ಮೊಡನೆ ಹಾಡುತ್ತಿದ್ದರು.

ಒಂದು ದಿನ ಅವರ ಅಮ್ಮ ಕೇಳಿದರು: "ಇವನು ಈಗಲೂ ದಿನಾ ಒಂದು ಮಾತ್ರೆ ನಾಲಗೆ ಅಡಿಗೆ ಇಡ್ತಾನೆ. ಅದೂ ಅದೇ ಜಾತಿಯದ್ದಂತೆ. ನೀವು ಹಿರಿಯರು, ಒಂದು ಮಾತು ಹೇಳಿ." ನಾವು ಹೇಳಿದೆವು. ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಾಯಿತಲ್ಲ, ದೇವರ ಮುಂದೆ ಸಂಕಲ್ಪ ಮಾಡಿ ಅದನ್ನೂ ಬಿಡು ಎಂದೆವು. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ, ಸಂಕಲ್ಪಗಳಿಂದ ಕುಡಿತ ಬಿಟ್ಟವರನ್ನು ಕಂಡವರು ನಾವು. ಆ ಅಳತೆಯನ್ನೇ ಇಲ್ಲಿಗೂ ಹಿಡಿದೆವು. ಆ ತರುಣರು ನಮ್ಮ ಮಾತಿಗೆ ಬೆಲೆ ಕೊಟ್ಟು ವೈದ್ಯರಿಗೂ ತಿಳಿಸದೆ ಬಿಟ್ಟುಬಿಟ್ಟರು. ಆರು ವಾರವೂ ಆಗಲಿಲ್ಲ, ಹಳೆಯ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲೇ ನುಂಗಿ ಉಸಿರು ನಿಲ್ಲುವಂತಾಗಿ ಆಸ್ಪತ್ರೆ ಸೇರಿದರು. ನಲಾಕ್ಸೋನ್ ಎಂಬ ಇಂಜೆಕ್ಷನ್ ಅವರನ್ನು ಉಳಿಸಿತು. ದೇವರು ಉಳಿಸಿದನು ಎಂದೂ ಹೇಳಬಹುದು, ನಮಗೆ ಅದರಲ್ಲಿ ವಿರೋಧ ಕಾಣುವುದಿಲ್ಲ.

ಆಮೇಲೆ ವೈದ್ಯರಿಂದ ಕೇಳಿ ತಿಳಿದದ್ದು ಇಷ್ಟು. ಅಫೀಮು ವರ್ಗದ ವಸ್ತು ಮಿದುಳಿನಲ್ಲಿ ಹೋಗಿ ಕೂರುವ ಜಾಗಗಳಿವೆ. ಬ್ಯುಪ್ರೆನಾರ್ಫಿನ್ ಎಂಬ ಈ ಔಷಧಿ ಆ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ಅರ್ಧಂಬರ್ಧ ಮಾತ್ರ ಕೆಲಸ ಮಾಡುತ್ತದೆ. ಒಂದು ಮಿತಿಯ ಮೇಲೆ ಎಷ್ಟು ತೆಗೆದುಕೊಂಡರೂ ಅದರ ಪರಿಣಾಮ ಏರುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಅಮಲಿಲ್ಲ, ನಡುಕವಿಲ್ಲ, ಮನುಷ್ಯ ಅಂಗಡಿಗೆ ಹೋಗಬಲ್ಲ. ಆದರೆ ನಿದ್ರೆ ಮಾತ್ರೆ, ಮದ್ಯಗಳೊಂದಿಗೆ ಸೇರಿದರೆ ಅಪಾಯ. ದಿನಾ ಕುಡಿಸುವ ಮೆಥಡೋನ್ ಎಂಬುದು ಇನ್ನೊಂದು. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಔಷಧಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಅವಸರದಿಂದ ಬಿಟ್ಟರೆ ದೇಹದ ತಾಳಿಕೆ ಇಳಿದಿರುತ್ತದೆ. ಮೊದಲು ಅರಗಿಸಿಕೊಂಡ ಪ್ರಮಾಣವೇ ಈಗ ಪ್ರಾಣ ತೆಗೆಯುತ್ತದೆ. ನಮ್ಮ ತರುಣರಿಗೆ ಆದದ್ದೂ ಇದೇ.

ನಮ್ಮ ಕೂಟದಲ್ಲೇ ಸಕ್ಕರೆ ಕಾಯಿಲೆ, ಬಿ.ಪಿ.ಯ ಮಾತ್ರೆ ನುಂಗುವವರು ಏಳೆಂಟು ಮಂದಿ. ಏಕಾದಶಿಯ ದಿನ ಅವರಿಗೆ ನಾವೇ ಒತ್ತಾಯ ಮಾಡಿ ಫಲಾಹಾರ ಕೊಡುತ್ತೇವೆ. ನಿನ್ನ ಭಕ್ತಿ ಗಟ್ಟಿಯಿದ್ದರೆ ಇನ್ಸುಲಿನ್ ಏಕೆ ಎಂದು ಯಾರನ್ನೂ ಕೇಳಿದ್ದಿಲ್ಲ. ಆ ಹುಡುಗನನ್ನು ಮಾತ್ರ ಕೇಳಿದೆವು.

ಅರ್ಜುನನಿಗೆ ಸಿಕ್ಕ ಉತ್ತರವನ್ನು ಈಗ ಮತ್ತೆ ಓದುತ್ತಿದ್ದೇವೆ. ಒಳ್ಳೆಯದನ್ನು ಮಾಡಹೊರಟವನಿಗೆ ದುರ್ಗತಿಯಿಲ್ಲ, ಬಿಟ್ಟಲ್ಲಿಂದಲೇ ಅವನು ಮುಂದುವರಿಯುತ್ತಾನೆ ಎಂಬುದು ಅದರ ಭಾವ. ಅಲ್ಲಿ ಕೃಷ್ಣನು ಅರ್ಜುನನನ್ನು 'ತಾತ' ಎಂದು ಕರೆಯುತ್ತಾನೆ. ನಮ್ಮ ಕನ್ನಡದ ತಾತನಲ್ಲ, ಮಗುವನ್ನು ಕರೆಯುವ ಸಂಸ್ಕೃತದ ಅಕ್ಕರೆಯ ಮಾತು. ಜಾರಿದವನ ವಿಚಾರ ಬಂದಾಗ ಭಗವಂತನ ದನಿ ಹೀಗೆ ಮೆತ್ತಗಾಗುತ್ತದೆ. ನಮ್ಮ ದನಿ ಏರಿತ್ತು. ಇನ್ನು ಅಭ್ಯಾಸವೆಂದರೆ ಏನು? ದಿನವೂ ಅದೇ ಹೊತ್ತಿಗೆ, ಬೇಸರಪಡದೆ, ಇಂದು ಚೆನ್ನಾಗಿದ್ದೇನೆಂದು ತಪ್ಪಿಸದೆ ಮಾಡುವುದು. ಆ ತರುಣರು ದಿನಾ ಮಾತ್ರೆ ಇಟ್ಟುಕೊಂಡು ಮಾಡುತ್ತಿದ್ದುದು ಅಭ್ಯಾಸವನ್ನೇ. ನಾವು ಅದನ್ನು ವೈರಾಗ್ಯದ ಹೆಸರಿನಲ್ಲಿ ಮುರಿದೆವು.

ಕುವೈತಿನಲ್ಲಿರುವವರಿಗೆ ಒಂದು ಮಾತು. ಟ್ರಮಡಾಲ್ ಇಲ್ಲಿ ನಿಯಂತ್ರಿತ ಔಷಧಿ. ಭಾರತವೂ ಅದನ್ನು 2018ರಲ್ಲಿ ಮಾದಕವಸ್ತು ಕಾಯಿದೆಯ ಕೆಳಗೆ ತಂದಿತು. ಊರಿನ ವೈದ್ಯರ ಚೀಟಿಯಿದೆ ಎಂಬ ಧೈರ್ಯದಲ್ಲಿ ಇಂಥ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿ ತರಬೇಡಿ, ನೆರೆಯವರಿಗೆಂದೂ ತರಬೇಡಿ, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಚಿಕಿತ್ಸೆಯಲ್ಲಿರುವವರು ಔಷಧಿ ನಿಲ್ಲಿಸಿ ವಿಮಾನ ಹತ್ತುವುದೂ ಬೇಡ. ವೈದ್ಯರು ಒಪ್ಪುವ ತನಕ ಊರಲ್ಲೇ ಇರಲಿ, ಕೆಲಸ ಇನ್ನೊಂದು ಸಿಕ್ಕೀತು.

ಅವರ ಅಮ್ಮನಿಗೆ ಫೋನು ಮಾಡಿ ತಪ್ಪಾಯಿತೆಂದು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ನಾನೇ ಅಲ್ವಾ ಹೇಳಿಸಿದ್ದು" ಎಂದರು.

ಚಿಕಿತ್ಸೆ ಮತ್ತೆ ಆರಂಭವಾಗಿದೆ. ನಮ್ಮ ಭಜನೆ ಸಂಜೆ ಐದೂವರೆಗೆ, ಊರಿನಲ್ಲಿ ಆಗ ರಾತ್ರಿ ಎಂಟು. ಅದೇ ಅವರು ಮಾತ್ರೆ ಇಡುವ ಹೊತ್ತು. ಅದು ಕರಗುವ ತನಕ ಮಾತಾಡುವಂತಿಲ್ಲ, ನುಂಗುವಂತಿಲ್ಲ. ಫೋನು ಹಚ್ಚಿ ದೇವರ ಮಂಟಪದ ಹತ್ತಿರ ಇಡುತ್ತೇವೆ. ಗಣಪತಿಯ ಸ್ತುತಿಗೆ ಆ ಕಡೆಯಿಂದ ಬರಿಯ ತಾಳದ ಸದ್ದು ಬರುತ್ತದೆ. ಮೂರನೆಯ ಹಾಡಿನ ಹೊತ್ತಿಗೆ ದನಿಯೂ ಸೇರುತ್ತದೆ.