ಮೊದಲು ಬಾವಿ, ಆಮೇಲೆ ಗುಡಿ

ಮಿಶ್ರಿಕೋಟಿ, ಕಲಘಟಗಿ, ಕುಂದಗೋಳ, ನವಲಗುಂದದ ಕಡೆಯ ಹಳ್ಳಿಗಳಿಂದ ಸವದತ್ತಿಗೆ ಹೊರಟವರು ನೆಟ್ಟಗೆ ಯಲ್ಲಮ್ಮನ ಗುಡ್ಡ ಹತ್ತಬಾರದು, ಮೊದಲು ಜೋಗುಳಬಾವಿಯಲ್ಲಿ ಮಿಂದು ಅಲ್ಲಿಯ ದೇವತೆ ಸತ್ಯವ್ವನಿಗೆ ಕೈಮುಗಿಯಬೇಕು ಎಂಬುದು ಹಳೆಯ ರೂಢಿ. ಹಿಂದೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದವರು ಈಗ ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ ಬರುತ್ತಾರೆ. ಕ್ರಮ ಮಾತ್ರ ಬದಲಾಗಿಲ್ಲ: ಮೊದಲು ಬಾವಿ, ಆಮೇಲೆ ಗುಡಿ. ಮೈ ತೊಳೆದುಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಮನೆಯ ಬಚ್ಚಲೇ ಸಾಕಾಗುತ್ತಿತ್ತು. ಹಾಗಾದರೆ ಆ ನೀರಿಗೆ ಮಹಿಮೆ ಎಲ್ಲಿಂದ ಬಂತು? ಚರ್ಮದ ರೋಗ ವಾಸಿಯಾಗುತ್ತದೆ ಎಂಬುದು ಭಕ್ತರ ಉತ್ತರ. ಬರೀ ಮೂಢನಂಬಿಕೆ ಎಂಬುದು ವಿಚಾರವಂತರ ಉತ್ತರ. ನೀರಿಗೆ ಶಕ್ತಿ ಇದೆಯೋ ಇಲ್ಲವೋ ಎನ್ನುವಲ್ಲಿಗೇ ಇಬ್ಬರ ಜಗಳ ಮುಗಿಯುತ್ತದೆ. ಬಾವಿಗೆ ಅಂಟಿಕೊಂಡ ಕಥೆಯನ್ನು ಕಿವಿಗೊಟ್ಟು ಕೇಳಿದರೆ ಮೂರನೆಯ ಉತ್ತರವೊಂದು ಸಿಗುತ್ತದೆ.

ಯಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ ಜಮದಗ್ನಿ ಋಷಿಯ ಮಡದಿ. ಅವಳು ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವ ತನ್ನ ಹೆಂಡಿರೊಡನೆ ನೀರಾಟ ಆಡುತ್ತಿದ್ದುದನ್ನು ಕಂಡು ಅರೆಗಳಿಗೆ ಮೈಮರೆತಳು. ಮರಳು ಕೊಡವಾಗಿ ನಿಲ್ಲಲಿಲ್ಲ, ಹಾವು ಸಿಂಬಿಯಾಗಲಿಲ್ಲ. ಗಂಡನ ಶಾಪದಿಂದ ಮೈತುಂಬ ರೋಗ ಹತ್ತಿ ಕಾಡುಪಾಲಾದವಳು ಎಕ್ಕಯ್ಯ, ಜೋಗಯ್ಯ ಎಂಬ ಸಾಧುಗಳ ಮಾತಿನಂತೆ ಈ ಬಾವಿಯಲ್ಲಿ ಮಿಂದು ಗುಣವಾದಳಂತೆ. ನೀರಿನಲ್ಲಿ ಗಂಧರ್ವರೋ ಅಪ್ಸರೆಯರೋ ಇರುತ್ತಾರೆಂಬ ಎಣಿಕೆ ಬಹಳ ಹಳೆಯದು. ಅಪ್ಸರೆ ಎಂಬ ಮಾತಿನಲ್ಲೇ ನೀರಿದೆ. ‘ಅಪ್’ ಎಂದರೆ ನೀರು. ಮರಾಠಿ ಸೀಮೆಯಲ್ಲಿ ಬಾವಿ, ಮಡುಗಳ ದಂಡೆಗೆ ಪೂಜೆಗೊಳ್ಳುವ ಏಳು ಜಲದೇವತೆಯರ ಹೆಸರೂ ‘ಸಾತಿ ಆಸರಾ’. ಆದರೆ ಕಥೆಯ ತಿರುಳು ಗಂಧರ್ವನಲ್ಲಿಲ್ಲ. ಒಂದು ನೋಟಕ್ಕಾಗಿ ಮನೆ ಹೊರಗೆ ಹಾಕಿದ ಹೆಂಗಸನ್ನು ನೀರು ಒಳಗೆ ಕರೆದುಕೊಂಡಿತು. ಗಂಡ ತಳ್ಳಿದ ಮೈಯನ್ನು ಬಾವಿ ತಳ್ಳಲಿಲ್ಲ. ಜೋಗುಳಬಾವಿಯ ಮಹಿಮೆ ಏನಾದರೂ ಇದ್ದರೆ ಅದು ಇಲ್ಲಿದೆ.

ನೀರು ಕಾಯುವ ದೈವಗಳ ಹಲವು ಕಥೆಗಳು ಹೆಚ್ಚುಕಡಿಮೆ ಇದೇ ದಾರಿಯವು: ಅವು ನೋಡುವುದು ನೀರಿನ ಗುಣವನ್ನಲ್ಲ, ನೀರಿನ ಹತ್ತಿರ ಬಂದವರ ನಡತೆಯನ್ನು. ಮಹಾಭಾರತದ ಯಕ್ಷನನ್ನೇ ನೋಡಿ. ಕೊಳದ ಹತ್ತಿರ ಬಂದ ನಾಲ್ವರು ಪಾಂಡವರು ಅವನ ಪ್ರಶ್ನೆಗೆ ಉತ್ತರ ಕೊಡದೆ ನೀರು ಕುಡಿದು ಬಿದ್ದರು. ಬಾಯಾರಿಕೆ ತಡೆದು ಉತ್ತರಿಸಿದ ಧರ್ಮರಾಯ ನೀರನ್ನೂ ತಮ್ಮಂದಿರನ್ನೂ ಪಡೆದ. ನೀರಿಗೆ ಕೈಹಾಕುವ ಮೊದಲು ನೀನು ಎಂಥವನು ಎಂಬುದಕ್ಕೆ ಜವಾಬು ಕೊಡು ಎಂಬುದು ಯಕ್ಷನ ಕರಾರು. ನಮ್ಮ ಹಳ್ಳಿಗಳ ಬಾವಿಪೂಜೆಯಲ್ಲಿಯೂ ಈ ಕರಾರು ಉಳಿದಿದೆ. ಬಾಣಂತಿ ಮತ್ತೆ ನೀರು ಸೇದುವ ಮೊದಲು ಬಾವಿಯ ದಂಡೆಗೆ ಅರಿಷಿಣ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಗಂಗವ್ವನಿಗೆ ಕೈಮುಗಿದು ಆಮೇಲೆ ಕೊಡ ತುಂಬುತ್ತಾಳೆ. ಸೇದುವ ಕೈ ಮೊದಲು ಮುಗಿಯಬೇಕು. ಪವಿತ್ರವೆಂಬುದು ನೀರಿನೊಳಗಿನ ಔಷಧಿಯಲ್ಲ, ನೀರಿನ ಮುಂದೆ ನಿಂತವರ ಮೇಲೆ ಬೀಳುವ ಹೊಣೆ.

ಇದಕ್ಕೆ ಮೊದಲ ಆಕ್ಷೇಪ ಈ ನೆಲದ್ದೇ. ನೀರು ಕಂಡಲ್ಲೆಲ್ಲ ಮುಳುಗಿ, ಮರ ಕಂಡಲ್ಲೆಲ್ಲ ಸುತ್ತುವವರನ್ನು 12ನೇ ಶತಮಾನದಲ್ಲೇ ಬಸವಣ್ಣ ಜಾಡಿಸಿದ್ದ. ಆ ಮಾತನ್ನು ಒಪ್ಪಲೇಬೇಕು. ಆದರೆ ಅವನ ಸಿಟ್ಟು ನೀರಿನ ಮೇಲಲ್ಲ, ನಡತೆ ಬಿಟ್ಟು ಮುಳುಗನ್ನು ಹಿಡಿದವರ ಮೇಲೆ. ಮಿಂದರೆ ಪಾಪ ಹೋಯಿತು ಎನ್ನುವವನು ಹೊಣೆಯನ್ನು ಬಾವಿಗೆ ಎಸೆದು ಬರುತ್ತಾನೆ. ರೇಣುಕೆಯ ಕಥೆ ನಮ್ಮಿಂದ ಬೇಡುವುದು ಅದಕ್ಕೆ ತದ್ವಿರುದ್ಧವಾದದ್ದನ್ನು. ಎರಡನೆಯ ಆಕ್ಷೇಪ ವೈದ್ಯರದು. ಚರ್ಮದ ರೋಗಗಳಲ್ಲಿ ಜನ ಹೆಚ್ಚು ಹೆದರುವ ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಗುರುತಿಸಿದ. ಇಂದು ಬಹುಔಷಧ ಚಿಕಿತ್ಸೆಯಿಂದ ಅದು ಪೂರಾ ಗುಣವಾಗುತ್ತದೆ. ರೋಗಿಯನ್ನು ಆಸ್ಪತ್ರೆಗೆ ಒಯ್ಯದೆ ಬಾವಿಗೆ ಒಯ್ಯುವುದು ತಪ್ಪು. ಇಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಗುಳಿಗೆ ರೋಗವನ್ನು ಕಳೆಯುತ್ತದೆ. ರೋಗಿಯನ್ನು ಮನೆಯೊಳಗೆ ಕರೆದುಕೊಳ್ಳುವ ಕೆಲಸ ಗುಳಿಗೆಯದಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಪವಿತ್ರ ಎಂದ ಕೂಡಲೇ ಮೈಲಿಗೆ ಹುಟ್ಟುತ್ತದೆ, ಯಾರೋ ಒಬ್ಬರು ಹೊರಗಾಗುತ್ತಾರೆ. ಕುಡಿಯುವ ನೀರಿನ ಹಕ್ಕಿಗಾಗಿ ಅಂಬೇಡ್ಕರರು 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿಯಬೇಕಾಯಿತು. ಯಲ್ಲಮ್ಮನ ಹೆಸರಿನಲ್ಲೇ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಅದನ್ನು ತಡೆಯಲು 1982ರ ದೇವದಾಸಿ ನಿಷೇಧ ಕಾಯ್ದೆಯೇ ಬೇಕಾಯಿತು. ನವಲಗುಂದ ತಾಲೂಕಿನ ಮೊರಬದಲ್ಲಿ 2018ರ ಕೊನೆಗೆ ಎಚ್‌ಐವಿ ಇತ್ತೆನ್ನಲಾದ ಹೆಂಗಸೊಬ್ಬಳ ಶವ ಕೆರೆಯಲ್ಲಿ ಸಿಕ್ಕಿತು. ನೀರಿನಿಂದ ಆ ಸೋಂಕು ಹರಡುವುದಿಲ್ಲವೆಂದು ಅಧಿಕಾರಿಗಳು ಹೇಳಿದರೂ ಊರು ಒಪ್ಪದೆ ಇಡೀ ಕೆರೆಯನ್ನು ಖಾಲಿ ಮಾಡಿಸಿತು. ಅಲ್ಲಿ ಕೆರೆಗೆ ಯಾವ ದೈವದ ಹಂಗೂ ಬೇಕಾಗಲಿಲ್ಲ. ಮೈಲಿಗೆಯ ಭಯಕ್ಕೆ ದೇವರು ಬೇಕಿಲ್ಲ, ದೇವರನ್ನು ಕೆಳಗಿಳಿಸಿದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಭಯವನ್ನು ತೂಗಿ ನೋಡುವ ತಕ್ಕಡಿ ರೇಣುಕೆಯ ಕಥೆಯಲ್ಲೇ ಇದೆ: ರೋಗ ಹತ್ತಿದ, ಹೆಸರು ಕೆಟ್ಟ ಹೆಣ್ಣನ್ನು ಹೊರಗಿಡುವ ನೀರು ಅವಳ ನೀರಲ್ಲ.

ಜೋಗುಳಬಾವಿಗೆ ಹೋಗುವವರು ಹೋಗಲಿ. ಗುಡ್ಡ ಹತ್ತುವ ಮೊದಲು ಒಂದು ಮಾತು ನೆನಪಿರಲಿ: ಆ ಬಾವಿಯಲ್ಲಿ ಮಿಂದು ಗುಣವಾದವಳು ಮನೆ ಬೇಡವೆಂದ ಹೆಂಗಸು. ಅಂಥವಳು ಇಂದು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರೆ ಒಂದು ತಂಬಿಗೆ ನೀರು ಕೊಡದವರು ಎಷ್ಟು ಸಲ ಮುಳುಗಿದರೂ ಅದು ಬರೀ ಜಳಕ.