ಇಂದಿನ ಧಮ್ಮ ಚಿಂತನೆ: ಗ್ರಹಚಾರ ಎಂಬ ಮಾತು

 

ಮೊನ್ನೆ ಭಾನುವಾರ ನನ್ನ ತಮ್ಮ ಓಡಿಸುತ್ತಿದ್ದ ಈರುಳ್ಳಿ ಲೋಡಿನ ಪಿಕಪ್‌ನಲ್ಲಿ ನಾನೂ ಕೂತಿದ್ದೆ. ಹೆದ್ದಾರಿಯಲ್ಲಿ ಹಿಂದಿನ ಎರಡೂ ಚಕ್ರ ಇದ್ದಕ್ಕಿದ್ದಂತೆ ಬಿಗಿದುಕೊಂಡವು. ಕ್ಲಚ್ ಒತ್ತಿದರೂ ಬಿಡಲಿಲ್ಲ. ಟೈರು ಉಜ್ಜುತ್ತಾ ಗಾಡಿ ಅಡ್ಡ ತಿರುಗಿ ನಿಂತಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಗಂಡ, ಹೆಂಡತಿ, ಮಗು ಕೂದಲೆಳೆಯಲ್ಲಿ ಪಾರಾದರು.

ಮಾಲೀಕರು ಬಂದು ನೋಡಿ, "ನಿನ್ನ ಗ್ರಹಚಾರ ಕಣಯ್ಯ" ಎಂದರು. ತಮ್ಮನೂ ತಲೆಯಾಡಿಸಿದ.

ಮೆಕ್ಯಾನಿಕ್ ಡಿಫರೆನ್ಷಿಯಲ್ ಬಿಚ್ಚಿದ. ಒಳಗೆ ಆಯಿಲ್ಲೇ ಇಲ್ಲ. ಸೀಲ್ ಸವೆದು, ಆಯಿಲ್ ಹನಿಹನಿಯಾಗಿ ಸೋರಿ, ಬೇರಿಂಗ್ ಕಾದು ಕಚ್ಚಿಕೊಂಡಿತ್ತು. "ಎಷ್ಟೋ ದಿನದಿಂದ ಕೂಗ್ತಾ ಇದ್ದಿರಬೇಕಲ್ಲ?" ಎಂದ. ಹೌದು, ಕೂಗುತ್ತಿತ್ತು. ತಮ್ಮ ಹೇಳಿದ್ದಕ್ಕೆ ಮಾಲೀಕರು "ಈ ಸೀಸನ್ ಮುಗಿಯಲಿ" ಎಂದಿದ್ದರಂತೆ. ಅವತ್ತು ಆ ಸದ್ದು ನನಗೂ ಕೇಳಿಸಿತ್ತು. ನಾನು ಹಾಡಿನ ಸೌಂಡ್ ಏರಿಸಿದ್ದೆ.

ಹಾಗಾದರೆ ಗ್ರಹಚಾರ ಎಲ್ಲಿತ್ತು? ಸವೆದ ಸೀಲ್, ಮುಂದೂಡಿದ ಖರ್ಚು, ಕೇಳಿಯೂ ಕೇಳದ ನನ್ನ ಕಿವಿ. ಒಂದೊಂದೂ ಕಾರಣ; ಒಂದನ್ನು ತಪ್ಪಿಸಿದ್ದರೂ ಚಕ್ರ ಉರುಳುತ್ತಿತ್ತು. ಭಗವಾನ್ ಬುದ್ಧರ ಪಟಿಚ್ಚ ಸಮುಪ್ಪಾದ ತೋರಿಸುವುದು ಇದನ್ನೇ.

ಹಿಂದಿನ ಜನ್ಮದ ಕರ್ಮವನ್ನು ಬಾಬಾಸಾಹೇಬರು ಯಾಕೆ ಒಪ್ಪಲಿಲ್ಲ? ಬಡವರ ಸ್ಥಿತಿಗೆ ತಾನು ಹೊಣೆಯಲ್ಲ ಎಂದು ಸಮಾಜ ನುಣುಚಿಕೊಳ್ಳಲು ಅದೊಂದು ದಾರಿ ಎಂದರು. ನಮ್ಮ ಅಜ್ಜಂದಿರಿಗೆ ಊರು ಹೇಳಿದ್ದೂ ಇದೇ ಮಾತು: ನಿಮ್ಮ ಹಣೆಬರಹ. ಈಗ ಗ್ರಹಚಾರ ಎಂದವರೇ ರಿಪೇರಿಯ ಅರ್ಧ ಖರ್ಚನ್ನು ತಮ್ಮನ ಸಂಬಳದಲ್ಲಿ ಹಿಡಿಯುತ್ತಾರಂತೆ.

ತಮ್ಮನಿಗೆ ಹೇಳಿದೆ: ತಲೆಯಾಡಿಸಬೇಡ, ಲೆಕ್ಕ ಕೇಳು. ನನಗೆ ನಾನೇ ಹೇಳಿಕೊಂಡೆ: ಸದ್ದು ಕೇಳಿದರೆ ಗಾಡಿ ನಿಲ್ಲಿಸು. ಅಪ್ಪಮಾದ ಅಂದರೆ ಈ ಎಚ್ಚರವೇ.

ಇವತ್ತು ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಯಾವ ಸದ್ದು ಕೇಳಿಸುತ್ತಿದೆ?

ಜೈ ಭೀಮ್.